ಹೊಸ ತಂಡಕ್ಕೆ ಸೇರಿದಾಗ: ಬರೆಯದ ನಿಯಮಗಳನ್ನು ಅರಿಯುವ ಬಗೆ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಇತ್ತೀಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. "ಮಗನಿಗೆ ಹೊಸ ಪ್ರಾಜೆಕ್ಟ್ ಸಿಕ್ಕಿದೆ, ಆದರೆ ಇನ್ನೂ ಹೊಂದಿಕೊಂಡಿಲ್ಲ" ಎಂದು ಒಬ್ಬರು ಹೇಳಿದರೆ, "ಮಗಳನ್ನು ಪುಣೆಯಿಂದ ಹೈದರಾಬಾದಿನ ತಂಡಕ್ಕೆ ಹಾಕಿದ್ದಾರೆ, ಅಲ್ಲಿಯ ರೀತಿಯೇ ಬೇರೆಯಂತೆ" ಎಂದು ಇನ್ನೊಬ್ಬರು ಚಿಂತಿಸುತ್ತಾರೆ. ನಮ್ಮ ಹಿಂದಿನ ತಲೆಮಾರಿನವರು ಬ್ಯಾಂಕನ್ನೋ ರೈಲ್ವೆಯನ್ನೋ ಸೇರಿದರೆ ಸಾಮಾನ್ಯವಾಗಿ ಅಲ್ಲಿಯೇ ನಿವೃತ್ತರಾಗುತ್ತಿದ್ದರು. ವರ್ಗಾವಣೆಯಾಗಿ ಶಾಖೆ ಬದಲಾದರೂ ಲೆಡ್ಜರು, ವೋಚರುಗಳ ಕ್ರಮ ಬದಲಾಗುತ್ತಿರಲಿಲ್ಲ. ಇಂದಿನ ಮಕ್ಕಳ ಪಾಡು ಹಾಗಲ್ಲ. ಒಂದೇ ಕಂಪನಿಯೊಳಗೆ ಇದ್ದರೂ ಪ್ರಾಜೆಕ್ಟ್ ಬದಲಾದೊಡನೆ ಜನ ಬದಲಾಗುತ್ತಾರೆ, ಪದ್ಧತಿ ಬದಲಾಗುತ್ತದೆ, ಒಂದೇ ಮಾತಿನ ಅರ್ಥವೂ ಬದಲಾಗುತ್ತದೆ.

ಹೊಸ ತಂಡವೊಂದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿತುಕೊಳ್ಳುವುದು ಸ್ವಂತ ಪ್ರತಿಭೆಗಿಂತ ಬೇರೆಯಾದ ಒಂದು ವಿದ್ಯೆ. ಅದನ್ನು ಯಾವ ಕಾಲೇಜಿನಲ್ಲಿಯೂ ಪ್ರತ್ಯೇಕ ಪಾಠವಾಗಿ ಕಲಿಸುವುದು ಅಪರೂಪ. ಆ ವಿದ್ಯೆಯ ಕುರಿತು ಕೆಲವು ಮಾತುಗಳನ್ನು ಓದುಗರೊಡನೆ ಹಂಚಿಕೊಳ್ಳಬೇಕೆಂದು ನಮಗೆ ಅನ್ನಿಸಲು ಕಾರಣ, ನಮ್ಮ ಸಂಘದಲ್ಲಿಯೇ ಕೆಲವು ವರ್ಷಗಳ ಹಿಂದೆ ನಡೆದ ಒಂದು ಪ್ರಸಂಗ.

ನಮ್ಮ ಮನೆಯಲ್ಲಿಯೇ ನಡೆದದ್ದು

ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ತರುಣಿಯೊಬ್ಬರು ಬಹಳ ಉತ್ಸಾಹದಿಂದ ನಮ್ಮ ರಾಜ್ಯೋತ್ಸವ ಸಮಿತಿಗೆ ಸೇರಿದರು. ಆಮಂತ್ರಣ ಪತ್ರಿಕೆಗಳನ್ನು ಮುದ್ರಿಸಿ, ನಾಲ್ಕಾರು ಮಂದಿ ಸದಸ್ಯರು ಮನೆಮನೆಗೆ ಹೋಗಿ ಹಂಚುವುದು ನಮ್ಮಲ್ಲಿ ನಡೆದುಬಂದ ಕ್ರಮ. ಇದರಿಂದ ಹಣವೂ ಸಮಯವೂ ವ್ಯರ್ಥವಾಗುತ್ತಿದೆ, ಎಲ್ಲರಿಗೂ ಮೊಬೈಲಿನಲ್ಲಿಯೇ ಆಮಂತ್ರಣ ಕಳುಹಿಸೋಣ ಎಂದು ಅವರು ಸಲಹೆಯಿತ್ತರು. ಸಭೆಯಲ್ಲಿದ್ದ ಹಿರಿಯರು ಪರಸ್ಪರ ಮುಖ ನೋಡಿಕೊಂಡು "ಆಗಲಿ, ನಡೆಯಲಿ" ಎಂದರು. ಆ ವರ್ಷ ಸಭಾಂಗಣದ ಹಿಂದಿನ ಸಾಲುಗಳು ಖಾಲಿ ಉಳಿದವು. ಪ್ರತಿವರ್ಷ ತಪ್ಪದೆ ಬರುತ್ತಿದ್ದ ಹಲವು ವೃದ್ಧ ದಂಪತಿಗಳು ಬರಲಿಲ್ಲ, ದೇಣಿಗೆಯೂ ಇಳಿಯಿತು.

ಕಾರಣ ಸರಳವಾಗಿತ್ತು. ಪತ್ರಿಕೆ ಹಂಚುವ ನೆಪದಲ್ಲಿ ನಮ್ಮವರು ಮನೆಯೊಳಗೆ ಹೋಗಿ ಕುಳಿತು ಕಾಫಿ ಕುಡಿದು ಬರುತ್ತಿದ್ದರು. ಯಾರಿಗೆ ಅನಾರೋಗ್ಯ, ಯಾರ ಮನೆಯಲ್ಲಿ ಸಾವು, ಯಾರನ್ನು ಕಾರಿನಲ್ಲಿ ಕರೆತರಬೇಕು, ಯಾರು ಈ ವರ್ಷ ಊಟದ ಖರ್ಚು ವಹಿಸಿಕೊಳ್ಳುವರು ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತಿತ್ತು. ಪತ್ರಿಕೆ ಕೇವಲ ನೆಪ, ಭೇಟಿಯೇ ಕೆಲಸ. ಇದನ್ನು ನಾವು ಯಾವ ನಡಾವಳಿ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ಆ ತರುಣಿ ಕೇಳಲಿಲ್ಲ ಎಂಬುದು ನಿಜ. ನಾವು ಹೇಳಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ. ಕಾರ್ಯಕ್ರಮದ ಬಳಿಕ ಗುಸುಗುಸು ಮಾತುಗಳು ಅವರ ಕಿವಿಗೂ ಬಿದ್ದವು. ಮುಂದಿನ ಸಭೆಗೆ ಅವರು ಬರಲಿಲ್ಲ.

ಬರೆದದ್ದು ಕಡಿಮೆ, ನಡೆಯುವುದು ಹೆಚ್ಚು

ಯಾವ ತಂಡದಲ್ಲಿಯೂ ಎರಡು ಬಗೆಯ ನಿಯಮಗಳಿರುತ್ತವೆ. ಒಂದು, ಬರೆದಿಟ್ಟದ್ದು. ಇನ್ನೊಂದು, ಯಾರೂ ಬರೆಯದಿದ್ದರೂ ಎಲ್ಲರೂ ಪಾಲಿಸುವಂಥದು. ಮುಂಬಯಿಯ ಲೋಕಲ್ ರೈಲನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೈಲ್ವೆಯ ವೇಳಾಪಟ್ಟಿ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಇಳಿಯುವ ನಿಲ್ದಾಣಕ್ಕೆ ಮೊದಲೇ ಬಾಗಿಲ ಕಡೆಗೆ ಸರಿಯತೊಡಗಬೇಕು, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆಂದು ಮೊದಲೇ ತಿಳಿದಿರಬೇಕು, ಮೂವರ ಆಸನದಲ್ಲಿ ನಾಲ್ಕನೆಯವರಿಗೂ ತುದಿಯಲ್ಲಿ ಜಾಗ ಬಿಡಬೇಕು, ಕುಳಿತವರನ್ನು "ಎಲ್ಲಿ ಇಳಿಯುತ್ತೀರಿ" ಎಂದು ಕೇಳಿ ಆಸನಕ್ಕೆ ಸರದಿ ಹಿಡಿಯಬಹುದು ಎಂಬುದು ಯಾವ ಫಲಕದಲ್ಲಿಯೂ ಇಲ್ಲ. ಊರಿನಿಂದ ಬಂದ ಮೊದಲ ವಾರ ಇವೆಲ್ಲವನ್ನೂ ನಾವು ತಳ್ಳಿಸಿಕೊಂಡು, ಬೈಸಿಕೊಂಡು, ಒಮ್ಮೊಮ್ಮೆ ಇಳಿಯಬೇಕಾದ ನಿಲ್ದಾಣ ತಪ್ಪಿಸಿಕೊಂಡು ಕಲಿತೆವು.

ನಮ್ಮ ಯಕ್ಷಗಾನದಲ್ಲಿಯೂ ಇದೇ ಮಾತು ಬೇರೊಂದು ಬಗೆಯಲ್ಲಿ ಕಾಣುತ್ತದೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಮುಖ್ಯವಾಗಿ ಪದ್ಯಗಳು. ವೇಷಧಾರಿಗಳ ಮಾತನ್ನು ಅದರಲ್ಲಿ ಬರೆದಿರುವುದಿಲ್ಲ, ಅರ್ಥವನ್ನು ಅವರು ರಂಗದಲ್ಲಿಯೇ ಕಟ್ಟಬೇಕು. ಎದುರಿನ ವೇಷಧಾರಿ ಮಾತನ್ನು ಎಲ್ಲಿ ನಿಲ್ಲಿಸುವರು, ಭಾಗವತರು ಪದ್ಯವನ್ನು ಯಾವಾಗ ಎತ್ತಿಕೊಳ್ಳುವರು ಎಂಬುದನ್ನು ಪುಸ್ತಕ ಓದಿ ತಿಳಿಯಲಾಗದು. ಆದುದರಿಂದಲೇ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಅರ್ಜುನನ ವೇಷ ಕೊಡುತ್ತಿರಲಿಲ್ಲ. ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ ಹಂತಹಂತವಾಗಿ ಮೇಲಕ್ಕೆ ಏರಬೇಕಾಗಿತ್ತು. ತನ್ನ ಸಣ್ಣ ವೇಷ ಮುಗಿದ ಮೇಲೂ ಹುಡುಗ ಚೌಕಿಯಲ್ಲಿರುತ್ತಿದ್ದ. ಹಿರಿಯರು ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತ, ರಂಗದ ಪಕ್ಕದಿಂದ ಅರ್ಥ ಕೇಳುತ್ತ ಅವನ ನಿಜವಾದ ಶಿಕ್ಷಣ ನಡೆಯುತ್ತಿತ್ತು. ಸಣ್ಣ ವೇಷವೆಂದರೆ ಅವಮಾನವಲ್ಲ, ಇಡೀ ಆಟವನ್ನು ಒಳಗಿನಿಂದ ನೋಡಲು ದೊರೆತ ಅವಕಾಶ.

ಹೊಸಬರು ಬಂದಾಗ ಕೆಲಸ ನಿಧಾನವಾಗುವುದೇಕೆ?

ಪ್ರಾಜೆಕ್ಟಿಗೆ ಇನ್ನೊಬ್ಬರು ಬಂದರೆ ಕೆಲಸ ಬೇಗ ಮುಗಿಯುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಸಾಫ್ಟ್‌ವೇರ್ ಲೋಕದಲ್ಲಿ ಈ ನಂಬಿಕೆಯನ್ನು ಪ್ರಶ್ನಿಸಿದವರು ಫ್ರೆಡರಿಕ್ ಬ್ರೂಕ್ಸ್. ಐಬಿಎಂ ಕಂಪನಿಯಲ್ಲಿ ಸಿಸ್ಟಮ್ 360 ಗಣಕಗಳ ಮತ್ತು ಅವುಗಳ ಕಾರ್ಯಾಚರಣ ವ್ಯವಸ್ಥೆಯ ಬೃಹತ್ ಯೋಜನೆಗಳನ್ನು ನಡೆಸಿದ ಅವರು, ಆ ಅನುಭವವನ್ನು 1975ರಲ್ಲಿ ಪುಸ್ತಕವಾಗಿ ಬರೆದರು. ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅವರ ಪ್ರಸಿದ್ಧ ಮಾತಿನ ಸಾರ. ಇಂದಿಗೂ ಅದನ್ನು ಅವರ ಹೆಸರಿನ ನಿಯಮವೆಂದೇ ಕರೆಯುತ್ತಾರೆ.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಹೊಸಬರಿಗೆ ಹೇಳಿಕೊಡಬೇಕಾದವರು ಹಳಬರೇ. ಹಾಗಾಗಿ ಕೆಲವು ವಾರ ಅವರ ಕೆಲಸವೂ ಕುಂಠಿತವಾಗುತ್ತದೆ. ಎರಡನೆಯದು ಲೆಕ್ಕದ ವಿಷಯ. ತಂಡದಲ್ಲಿ 5 ಜನರಿದ್ದರೆ ಇಬ್ಬಿಬ್ಬರ ನಡುವೆ ಮಾತುಕತೆಯ 10 ಜೋಡಿಗಳು. ಆರನೆಯವರು ಬಂದರೆ ಅವು 15 ಆಗುತ್ತವೆ. 10 ಜನರಿದ್ದರೆ 45. ಜನ ಇಮ್ಮಡಿಯಾದಾಗ ಮಾತುಕತೆಯ ದಾರಿಗಳು ನಾಲ್ಕು ಪಟ್ಟಿಗೂ ಮೀರುತ್ತವೆ. ಪ್ರತಿಯೊಂದು ದಾರಿಯಲ್ಲಿಯೂ ಒಂದು ಮಾತು ತಪ್ಪಾಗಿ ತಲುಪುವ ಸಾಧ್ಯತೆಯಿದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆಯ ರಚನೆಯು ಆ ಸಂಸ್ಥೆಯ ಜನರು ತಮ್ಮೊಳಗೆ ಮಾತಾಡಿಕೊಳ್ಳುವ ರಚನೆಯನ್ನೇ ಹೋಲುತ್ತದೆ ಎಂದು ಮೆಲ್ವಿನ್ ಕಾನ್‌ವೇ ಎಂಬ ಗಣಕ ತಜ್ಞರು 1968ರಲ್ಲಿ ಬರೆದರು. ಅಂದರೆ ಹೊಸದಾಗಿ ಬಂದವರು ಪ್ರೋಗ್ರಾಂ ಒಂದನ್ನೇ ಓದಿದರೆ ಸಾಲದು, ಯಾರು ಯಾರೊಡನೆ ಮಾತಾಡುತ್ತಾರೆ ಎಂಬುದನ್ನೂ ಓದಬೇಕು. ಎರಡು ಭಾಗಗಳು ಸೇರುವಲ್ಲಿ ಸದಾ ತೊಂದರೆ ಕಾಣಿಸುತ್ತಿದ್ದರೆ, ಆ ಎರಡು ಭಾಗಗಳನ್ನು ಬರೆದವರ ನಡುವೆ ಮಾತುಕತೆ ಕಡಿಮೆಯಿರಬಹುದೇ ಎಂದು ನೋಡುವುದು ಒಳ್ಳೆಯದು.

ಈ ಸಂಗತಿಗಳನ್ನು ಮನೆಯ ಹಿರಿಯರೂ ತಿಳಿದಿರುವುದು ಒಳಿತು. ಹೊಸ ಪ್ರಾಜೆಕ್ಟಿನ ಮೊದಲ ತಿಂಗಳಲ್ಲಿ ಮಗಳು ಸಪ್ಪೆ ಮುಖ ಹೊತ್ತು ಬಂದರೆ ಅದು ಅವಳ ಸಾಮರ್ಥ್ಯದ ಕೊರತೆಯೆಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ಆ ನಿಧಾನವು ಕೆಲಸದ ಸ್ವಭಾವದಲ್ಲಿಯೇ ಇದೆ.

ಮೊದಲ ದಿನದ ಎಚ್ಚರ

ಪರಿಚಯವಿಲ್ಲದವರು ಒಟ್ಟಾಗಿ ಕೆಲಸ ಮಾಡುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ವಿಮಾನಯಾನ ಕ್ಷೇತ್ರ ತೋರಿಸಿಕೊಟ್ಟಿದೆ. 1978ರಿಂದ 1990ರವರೆಗೆ ಅಮೆರಿಕದ ವಿಮಾನ ಸಂಸ್ಥೆಗಳಲ್ಲಿ ಸಿಬ್ಬಂದಿಯ ತಪ್ಪುಗಳು ಪಾತ್ರ ವಹಿಸಿದ್ದ 37 ದೊಡ್ಡ ಅಪಘಾತಗಳನ್ನು ಆ ದೇಶದ ಸಾರಿಗೆ ಸುರಕ್ಷತಾ ಮಂಡಲಿ ಪರಿಶೀಲಿಸಿ 1994ರಲ್ಲಿ ವರದಿ ನೀಡಿತು. ಚಾಲಕರು ಎಷ್ಟು ದಿನ ಜೊತೆಯಾಗಿ ಹಾರಿದ್ದರು ಎಂಬ ಮಾಹಿತಿ ದೊರೆತ ಪ್ರಕರಣಗಳ ಪೈಕಿ ಶೇ. 73ರಷ್ಟು ಅಪಘಾತಗಳು ಆ ಚಾಲಕರು ಜೊತೆಗೂಡಿದ ಮೊದಲ ದಿನವೇ ಸಂಭವಿಸಿದ್ದವು. ಅವರು ಹೊಸದಾಗಿ ವಿಮಾನ ನಡೆಸಲು ಕಲಿತವರಲ್ಲ, ಒಬ್ಬರಿಗೊಬ್ಬರು ಹೊಸಬರಾಗಿದ್ದರು. ಅನುಭವಿಗಳೂ ಹೊಸ ಜೊತೆಯಲ್ಲಿ ಎಡವಬಹುದು ಎಂಬುದಕ್ಕೆ ಇದೊಂದು ಎಚ್ಚರಿಕೆ.

ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಬಂದ ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಒಂದು ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ಚರ್ಮದ ಮೇಲೆ ಚಾಕು ಇಡುವ ಮೊದಲು ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ತಮ್ಮ ಪಾತ್ರವನ್ನು ಹೇಳಿಕೊಳ್ಳಬೇಕೆಂಬುದು ಅದರಲ್ಲಿ ಒಂದು ಅಂಶ. ನಮ್ಮ ದೆಹಲಿಯೂ ಸೇರಿದಂತೆ ಜಗತ್ತಿನ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಲಾಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ, ತೊಡಕುಗಳ ಪ್ರಮಾಣ ಶೇ. 11ರಿಂದ ಶೇ. 7ಕ್ಕೆ ಇಳಿದಿತ್ತು. ಇದು ಇಡೀ ಪಟ್ಟಿಯ ಫಲ, ಹೆಸರು ಹೇಳಿದ ಮಾತ್ರಕ್ಕೆ ಆದುದಲ್ಲ. ಆದರೂ ಜೀವ ಉಳಿಸುವ ಪಟ್ಟಿಯಲ್ಲಿ ಹೆಸರು ಹೇಳಿಕೊಳ್ಳುವುದಕ್ಕೆ ಏಕೆ ಸ್ಥಾನ ದೊರೆಯಿತು ಎಂಬುದನ್ನು ಯೋಚಿಸಬೇಕು. ಒಮ್ಮೆ ಬಾಯಿಬಿಟ್ಟು ಮಾತಾಡಿದವರು ತಪ್ಪು ಕಂಡಾಗ ಎರಡನೆಯ ಬಾರಿ ಬಾಯಿಬಿಡಲು ಅಷ್ಟು ಹಿಂಜರಿಯುವುದಿಲ್ಲ ಎಂಬುದು ಅದರ ಹಿಂದಿನ ವಿಚಾರ.

ಹೊಸಬರು ಮಾಡಬಹುದಾದದ್ದು

ಹಾಗಾದರೆ ಹೊಸ ಪ್ರಾಜೆಕ್ಟಿಗೆ ಸೇರಿದ ನಮ್ಮ ಮಕ್ಕಳು ಏನು ಮಾಡಬೇಕು? ಅನುಭವಿಗಳ ಮಾತುಗಳಿಂದ ನಾವು ಆಯ್ದ ಕೆಲವು ಸಂಗತಿಗಳು ಹೀಗಿವೆ.

ಮೊದಲನೆಯದು, ಮಾತುಗಳ ಅರ್ಥವನ್ನು ವಿಚಾರಿಸಬೇಕು. ಎಲ್ಲ ತಂಡಗಳಲ್ಲಿಯೂ "ಮುಗಿಯಿತು" ಎಂಬ ಮಾತಿದೆ. ಒಂದು ತಂಡದಲ್ಲಿ ಅದರ ಅರ್ಥ ಪ್ರೋಗ್ರಾಂ ಬರೆದಾಯಿತು ಎಂದು. ಇನ್ನೊಂದರಲ್ಲಿ ಸಹೋದ್ಯೋಗಿ ಅದನ್ನು ಓದಿ ಒಪ್ಪಿದ್ದಾರೆ ಎಂದು. ಮತ್ತೊಂದರಲ್ಲಿ ಪರೀಕ್ಷೆಯಾಗಿ ಗ್ರಾಹಕರ ಕೈ ಸೇರಿದೆ ಎಂದು. ಈ ಒಂದು ಮಾತನ್ನು ತಪ್ಪಾಗಿ ತಿಳಿದು ಮೊದಲ ವಾರವೇ ಮಾತು ಕೇಳಿಸಿಕೊಂಡವರು ಹಲವರು. "ತುರ್ತು", "ಸಣ್ಣ ಬದಲಾವಣೆ", "ನೋಡೋಣ" ಎಂಬ ಮಾತುಗಳನ್ನೂ ಹೀಗೆಯೇ ಪರೀಕ್ಷಿಸಬೇಕು.

ಎರಡನೆಯದು, ಒಂದು ಸಣ್ಣ ಕೆಲಸವನ್ನು ಕೇಳಿ ಪಡೆದು ಆರಂಭದಿಂದ ಕೊನೆಯವರೆಗೆ ನಡೆಸಬೇಕು. ಪರದೆಯ ಮೇಲಿನ ಒಂದು ಅಕ್ಷರದೋಷವನ್ನು ತಿದ್ದುವುದಾದರೂ ಸರಿ. ಅದನ್ನು ಯಾರು ಒಪ್ಪಬೇಕು, ಯಾರು ಪರೀಕ್ಷಿಸಬೇಕು, ಎಂದು ಗ್ರಾಹಕರಿಗೆ ತಲುಪುತ್ತದೆ, ತಪ್ಪಾದರೆ ಹಿಂದಕ್ಕೆ ಪಡೆಯುವುದು ಹೇಗೆ ಎಂಬ ಇಡೀ ದಾರಿ ಆ ಒಂದು ಕೆಲಸದಿಂದ ತಿಳಿಯುತ್ತದೆ. ಇದು ಪ್ರಾಜೆಕ್ಟಿನ ಬಾಲಗೋಪಾಲ ವೇಷ.

ಮೂರನೆಯದು, ಹಳೆಯ ದಾಖಲೆಯನ್ನು ಓದಬೇಕು. ಸಾಫ್ಟ್‌ವೇರ್ ತಂಡಗಳು ಪ್ರತಿಯೊಂದು ಬದಲಾವಣೆಯನ್ನೂ ಯಾರು, ಯಾವಾಗ ಮಾಡಿದರೆಂಬ ಚರಿತ್ರೆಯನ್ನು ಗಣಕದಲ್ಲಿ ಉಳಿಸಿಕೊಂಡಿರುತ್ತವೆ. ಜೊತೆಗೆ ಟಿಪ್ಪಣಿ ಬರೆದಿದ್ದರೆ ಏಕೆ ಎಂಬುದೂ ಅಲ್ಲಿಯೇ ಸಿಗುತ್ತದೆ. ವಿಚಿತ್ರವಾಗಿ ಕಾಣುವ ಸಾಲೊಂದರ ಹಿಂದೆ ಎಂದೋ ಒಂದು ರಾತ್ರಿ ಎಲ್ಲವೂ ಕುಸಿದ ಕಥೆ ಅಡಗಿರಬಹುದು.

ನಾಲ್ಕನೆಯದು, ಕಾರಣ ತಿಳಿಯುವ ಮೊದಲು ಯಾವುದನ್ನೂ ಕಿತ್ತುಹಾಕಬಾರದು. ಆಂಗ್ಲ ಲೇಖಕ ಜಿ. ಕೆ. ಚೆಸ್ಟರ್‌ಟನ್ 1929ರ ತಮ್ಮ ಪುಸ್ತಕವೊಂದರಲ್ಲಿ ದಾರಿಗೆ ಅಡ್ಡವಾಗಿ ಕಟ್ಟಿದ ಬೇಲಿಯ ದೃಷ್ಟಾಂತವನ್ನು ಕೊಡುತ್ತಾರೆ. ಬೇಲಿಯ ಉಪಯೋಗ ಕಾಣುತ್ತಿಲ್ಲ, ತೆಗೆದುಬಿಡೋಣ ಎನ್ನುವವನಿಗೆ ಅವರು ಕೊಡುವ ಉತ್ತರದ ತಾತ್ಪರ್ಯವಿಷ್ಟು: ಉಪಯೋಗ ಏನೆಂದು ಮೊದಲು ತಿಳಿದು ಬಾ, ಆಮೇಲೆ ತೆಗೆಯಲು ಬಿಡಬಹುದು. ಬೇಲಿ ಎಂದೆಂದಿಗೂ ಇರಬೇಕೆಂದು ಇದರ ಅರ್ಥವಲ್ಲ. ನಮ್ಮ ಸಂಘದ ಆಮಂತ್ರಣ ಪತ್ರಿಕೆಯೂ ಇಂಥದೇ ಒಂದು ಬೇಲಿಯಾಗಿತ್ತು. "ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ" ಎಂಬ ಗಾದೆ ನಮ್ಮಲ್ಲಿದೆ. ಉತ್ಸಾಹ ತಪ್ಪಲ್ಲ, ಆದರೆ ಬಟ್ಟೆ ಯಾವುದೆಂದು ನೋಡಿ ಒಗೆಯಬೇಕು.

ಐದನೆಯದು, ಮೊದಲ ದಿನಗಳಲ್ಲಿ ಆಶ್ಚರ್ಯವೆನಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೊಸಬರ ಕಣ್ಣಿಗೆ ಕಾಣುವುದು ಹಳಬರಿಗೆ ಕಾಣದು. ತಿಂಗಳೆರಡು ಕಳೆದರೆ ಹೊಸಬರಿಗೂ ಕಾಣದಂತಾಗುತ್ತದೆ. ಆ ಪಟ್ಟಿಯ ಅರ್ಧದಷ್ಟು ಪ್ರಶ್ನೆಗಳಿಗೆ ತಾನಾಗಿಯೇ ಉತ್ತರ ದೊರೆಯಬಹುದು. ಉಳಿದವು ನಿಜವಾಗಿ ಸುಧಾರಿಸಬೇಕಾದ ಸಂಗತಿಗಳಾಗಿರಬಹುದು. ಆಗ ಹೇಳುವ ಸಲಹೆಗೆ ತೂಕವಿರುತ್ತದೆ.

ಕೇಳಿದರೆ ದಡ್ಡರೆಂದುಕೊಂಡಾರು ಎಂಬ ಸಂಕೋಚ ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ತುಸು ಹೆಚ್ಚೇ ಇದೆಯೆಂದು ನಮ್ಮ ಭಾವನೆ. ಮೊದಲ ತಿಂಗಳಲ್ಲಿ ಕೇಳಿದ ಪ್ರಶ್ನೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಅದೇ ಪ್ರಶ್ನೆಯನ್ನು ಆರನೆಯ ತಿಂಗಳಲ್ಲಿ ಕೇಳಿದರೆ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ಹಳಬರ ಹೊಣೆ

ಇಷ್ಟನ್ನು ಹೊಸಬರಿಗೆ ಮಾತ್ರ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಹೊಸಬರಿಗೆ ತಮಗೆ ಏನು ತಿಳಿದಿಲ್ಲ ಎಂಬುದೇ ತಿಳಿದಿರುವುದಿಲ್ಲ. ಇಲ್ಲವೆಂದೇ ಗೊತ್ತಿಲ್ಲದ ವಿಷಯವನ್ನು ಕೇಳುವುದಾದರೂ ಹೇಗೆ? ಆದುದರಿಂದ ಮೊದಲು ಬಾಯಿಬಿಡಬೇಕಾದವರು ಹಳಬರು. ಬಂದವರಿಗೆ ಒಬ್ಬ ನಿರ್ದಿಷ್ಟ ಜೊತೆಗಾರರನ್ನು ಗೊತ್ತುಮಾಡುವುದು, ಇಂಥವರನ್ನು ಇಂಥ ವಿಷಯಕ್ಕೆ ಕೇಳಬಹುದೆಂದು ಪಟ್ಟಿ ಕೊಡುವುದು, "ಇದನ್ನು ಹೀಗೆ ಮಾಡುತ್ತೇವೆ" ಎನ್ನುವಾಗ "ಏಕೆಂದರೆ" ಎಂಬ ಒಂದು ವಾಕ್ಯವನ್ನೂ ಸೇರಿಸುವುದು, ಇವು ಖರ್ಚಿಲ್ಲದ ಕೆಲಸಗಳು. ಒಪ್ಪಿಗೆಯಿಲ್ಲದ ಸಲಹೆಗೆ "ಆಗಲಿ, ನಡೆಯಲಿ" ಎಂದು ತಲೆಯಾಡಿಸಿ, ಕೆಟ್ಟ ಮೇಲೆ ಬೆನ್ನ ಹಿಂದೆ ಮಾತಾಡುವುದು ಸೌಜನ್ಯವಲ್ಲ. ಸಭೆಯಲ್ಲಿ ಆ ದಿನ ತಲೆಯಾಡಿಸಿದವರಲ್ಲಿ ನಾವೂ ಇದ್ದೆವು.

ಹೊರನಾಡ ಸಂಘಗಳಲ್ಲಿ ಯುವಕರು ಬರುವುದಿಲ್ಲ ಎಂಬ ಕೊರಗು ಬಹಳ ಹಳೆಯದು. ಬಂದವರಲ್ಲಿ ಎಷ್ಟು ಮಂದಿ ಒಂದೇ ಕಾರ್ಯಕ್ರಮದ ಬಳಿಕ ಹಿಂತಿರುಗಿ ಬರಲಿಲ್ಲ, ಏಕೆ ಬರಲಿಲ್ಲ ಎಂದು ಲೆಕ್ಕ ಹಾಕಿದ ಸಂಘಗಳು ವಿರಳ. ಹೊಸಬರು ಉಳಿಯದ ಪ್ರಾಜೆಕ್ಟು ಹಳಬರು ನಿವೃತ್ತರಾಗುವವರೆಗೆ ನಡೆದೀತು, ಆಮೇಲೆ ಅದನ್ನು ನಡೆಸುವವರು ಯಾರು? ಸಂಘದ ವಿಷಯದಲ್ಲಿಯೂ ಪ್ರಶ್ನೆ ಇದೇ.

ಆ ತರುಣಿಯ ಮನೆಗೆ ನಮ್ಮ ಸಮಿತಿಯ ಇಬ್ಬರು ಹಿರಿಯರು ಮುಂದಿನ ವರ್ಷ ಹೋದರು, ಆಮಂತ್ರಣ ಪತ್ರಿಕೆ ಹಿಡಿದುಕೊಂಡೇ. ಕಾಫಿ ಕುಡಿದು, ನಡೆದುದನ್ನು ಹೇಳಿ, ತಪ್ಪು ನಮ್ಮದೂ ಹೌದೆಂದು ಒಪ್ಪಿಕೊಂಡರು. ಅವರು ಸಮಿತಿಗೆ ಮರಳಲು ಕೂಡಲೇ ಒಪ್ಪಲಿಲ್ಲ. ಆದರೆ ಹಂಚಿಕೆಗೆ ಒಂದು ಭಾನುವಾರ ಜೊತೆಗೆ ಬಂದರು. ಏಳೆಂಟು ಮನೆಗಳನ್ನು ಸುತ್ತಿದ ಮೇಲೆ, ದೂರದ ಉಪನಗರದವರಿಗೆ ಮೊಬೈಲಿನಲ್ಲಿ ಕಳುಹಿಸೋಣ, ಅರುವತ್ತು ದಾಟಿದವರ ಮನೆಗೆ ಮಾತ್ರ ಖುದ್ದಾಗಿ ಹೋಗೋಣ, ಯಾರಿಗೆ ಕಾರು ಬೇಕೆಂಬುದನ್ನು ಒಂದೆಡೆ ಬರೆದಿಡೋಣ ಎಂದು ಅವರೇ ಸೂಚಿಸಿದರು. ಈಗ ನಮ್ಮಲ್ಲಿ ಅದೇ ಕ್ರಮ ನಡೆದುಬಂದಿದೆ. ಆ ಪುಸ್ತಕದ ಮೊದಲ ಪುಟದಲ್ಲಿ, ಮನೆಗೆ ಏಕೆ ಹೋಗುತ್ತೇವೆ ಎಂಬುದನ್ನೂ ನಾಲ್ಕು ಸಾಲುಗಳಲ್ಲಿ ಬರೆಸಿದ್ದೇವೆ. ಮುಂದೆ ಸಮಿತಿಗೆ ಬರುವವರು ಅದನ್ನು ಓದಲಿ, ಓದಿ ನಮ್ಮನ್ನು ಇನ್ನಷ್ಟು ಪ್ರಶ್ನೆಗಳನ್ನು ಕೇಳಲಿ ಎಂಬುದು ನಮ್ಮ ಆಶಯ.